ಲಿವರ್‌ನ ಅರ್ಧಕ್ಕಿಂತ ಜಾಸ್ತಿ ತೆಗೆಯಬೇಕು ಅಂತಿದ್ದಾರೆ. ಉಳಿದದ್ದು ಸಾಕಾಗುತ್ತಾ?

ತಂಗಾಳಿ

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 61 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್. ಕರುಳಿನ ಆಪರೇಷನ್ ಮುಗಿದಿದೆ, ಕೀಮೋ ನಡೆಯುತ್ತಿದೆ. ಲಿವರ್‌ಗೂ ಹರಡಿದೆ. ಅಲ್ಲಿ ಮೂರು ಗಡ್ಡೆ ಇವೆ, ಮೂರೂ ಬಲಗಡೆ. ಕೀಮೋದಿಂದ ಚಿಕ್ಕದಾಗಿವೆ, ಆದರೆ ಹೋಗಿಲ್ಲ. ಈಗ ಸರ್ಜನ್ ಬಲಗಡೆಯ ಲಿವರ್ ಪೂರ್ತಿ ತೆಗೆಯಬೇಕು ಅಂತ ಹೇಳಿದ್ದಾರೆ.

ಮನೆಯಲ್ಲಿ ಮಾತು ಎರಡಾಗಿದೆ. ದೊಡ್ಡಪ್ಪ "ಲಿವರ್‌ಗೆ ಕತ್ತರಿ ಹಾಕಿದರೆ ಆಮೇಲೆ ಮನುಷ್ಯ ಎದ್ದು ಕೂರಲ್ಲ" ಅಂತಾರೆ. ಅಣ್ಣ "ತಡ ಮಾಡೋದು ಬೇಡ, ನಾಳೆನೇ ಮಾಡಿಸೋಣ" ಅಂತಾನೆ. ಅಮ್ಮ ಇಬ್ಬರ ಮುಖವನ್ನೂ ನೋಡುತ್ತಾ ಸುಮ್ಮನೆ ಕೂತಿರುತ್ತಾಳೆ. ಅವಳು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳಿದಳು: "ಅಷ್ಟು ತೆಗೆದರೆ ಉಳಿದದ್ದು ಸಾಕಾಗುತ್ತಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ. ಸುಮ್ನೆ ಧೈರ್ಯ ತುಂಬೋದು ಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನಿವೃತ್ತ ಸರ್ಜನ್

ನಿಮ್ಮ ಅಮ್ಮ ಕೇಳಿದ್ದೇ ಸರಿಯಾದ ಪ್ರಶ್ನೆ. ಹೆಚ್ಚಿನವರು "ಎಷ್ಟು ತೆಗೀತೀರಿ?" ಅಂತ ಕೇಳುತ್ತಾರೆ. ಲಿವರ್ ಆಪರೇಷನ್ ಮಾಡುವವನು ಯೋಚನೆ ಮಾಡುವುದು ಎಷ್ಟು ಉಳಿಯುತ್ತೆ, ಉಳಿದದ್ದು ಎಂಥದ್ದು ಅಂತ. ನಾನು ಕೆಲಸದ ಬಹುಪಾಲು ವರ್ಷಗಳನ್ನು ಇದರಲ್ಲೇ ಕಳೆದಿದ್ದೇನೆ. ಗೊತ್ತಿದ್ದಷ್ಟು ಬರೆಯುತ್ತೇನೆ.

ಮೊದಲು ದೊಡ್ಡಪ್ಪನವರ ಮಾತು. ಅವರ ಭಯ ಹುಟ್ಟಿದ್ದು ಸುಮ್ಮನೆ ಅಲ್ಲ. 1970ರ ದಶಕದಲ್ಲಿ ದೊಡ್ಡ ಲಿವರ್ ಆಪರೇಷನ್ ಆದವರಲ್ಲಿ ಸುಮಾರು ಐದಕ್ಕೆ ಒಬ್ಬರು ತೀರಿಕೊಳ್ಳುತ್ತಿದ್ದರು. ಕಾರಣ ಮುಖ್ಯವಾಗಿ ರಕ್ತಸ್ರಾವ. ಲಿವರ್ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ರಕ್ತನಾಳದ್ದು. ಇಂಥ ಅಂಗವನ್ನು ಎಲ್ಲಿ ಬೇಕಾದರೂ ಕತ್ತರಿಸಿದರೆ ಏನಾಗುತ್ತೆ ಅಂತ ಊಹಿಸಬಹುದು.

ಇದನ್ನು ಬದಲಾಯಿಸಿದ್ದು ಮುಖ್ಯವಾಗಿ ಎರಡು ತಿಳಿವಳಿಕೆ. 1908ರಲ್ಲಿ ಗ್ಲಾಸ್ಗೋದ ಸರ್ಜನ್ ಜೇಮ್ಸ್ ಹೊಗಾರ್ತ್ ಪ್ರಿಂಗಲ್, ಲಿವರ್‌ಗೆ ಬರುವ ರಕ್ತನಾಳಗಳ ಕಟ್ಟನ್ನೇ ಹಿಡಿದು ಒತ್ತಿದರೆ ರಕ್ತ ನಿಲ್ಲುತ್ತೆ ಅಂತ ತೋರಿಸಿದರು. ಇವತ್ತಿಗೂ ಅದನ್ನೇ ಮಾಡುತ್ತೇವೆ. 15 ನಿಮಿಷ ಬಿಗಿ ಹಿಡಿಯುವುದು, 5 ನಿಮಿಷ ಬಿಡುವುದು, ಮತ್ತೆ ಹಿಡಿಯುವುದು. ಎರಡನೆಯದು ನಕ್ಷೆ. 1950ರ ದಶಕದಲ್ಲಿ ಫ್ರಾನ್ಸಿನ ಕ್ಲೋದ್ ಕ್ವಿನೋ ಲಿವರ್‌ನಲ್ಲಿ ಎಂಟು ಭಾಗಗಳಿವೆ, ಒಂದೊಂದಕ್ಕೂ ತನ್ನದೇ ರಕ್ತನಾಳ, ತನ್ನದೇ ಪಿತ್ತನಾಳ ಇದೆ ಅಂತ ಗುರುತಿಸಿದರು. ಆಮೇಲೆ ಆ ಗಡಿ ಹಿಡಿದು ಕತ್ತರಿಸಲು ಸಾಧ್ಯವಾಯಿತು. ಈಗ ಆಪರೇಷನ್ ನಡೆಯುವಾಗಲೇ ಲಿವರ್ ಮೇಲೆ ಅಲ್ಟ್ರಾಸೌಂಡ್ ಇಟ್ಟು ಒಳಗಿನ ನಾಳ ಎಲ್ಲಿದೆ ಅಂತ ನೋಡಿಕೊಂಡೇ ಮುಂದುವರಿಯುತ್ತಾರೆ.

ಇವತ್ತು ಅನುಭವ ಇರುವ ಕಡೆ ದೊಡ್ಡ ಆಪರೇಷನ್‌ನಲ್ಲಿ ಸಾವಿನ ಪ್ರಮಾಣ 100ಕ್ಕೆ ಸುಮಾರು 2ರಿಂದ 5. ಸಣ್ಣ ಭಾಗ ತೆಗೆದರೆ ಇನ್ನೂ ಕಡಿಮೆ. ಆದರೆ ಏನಾದರೊಂದು ತೊಂದರೆ, ಅಂದರೆ ಸೋಂಕು, ಪಿತ್ತರಸ ಸೋರುವುದು, ಎದೆಯಲ್ಲಿ ನೀರು, ಇಂಥದ್ದು 100ರಲ್ಲಿ 20ರಿಂದ 40 ಜನರಿಗೆ ಆಗುತ್ತೆ. ಇವೆರಡೂ ಬೇರೆ ಬೇರೆ ಲೆಕ್ಕ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಟ್ಟರೆ ಮನೆಯವರಿಗೆ ಪೂರ್ತಿ ಚಿತ್ರ ಸಿಗುವುದಿಲ್ಲ.

ದಾನಿ ತಮ್ಮ

ತಂಗಾಳಿ ಅಕ್ಕ, ನಾನು ನಮ್ಮ ಅಕ್ಕನಿಗೆ ಲಿವರ್ ಕೊಟ್ಟವನು. ನನ್ನದೂ ಬಲಗಡೆಯೇ ತೆಗೆದರು. ಈಗ ಆರಾಮಾಗಿದ್ದೇನೆ, ಕೆಲಸಕ್ಕೆ ಹೋಗುತ್ತೇನೆ, ಭಾರ ಎತ್ತುತ್ತೇನೆ. ಮೊದಲ ಕೆಲವು ವಾರ ಸುಸ್ತು ಅಂದರೆ ಸುಸ್ತು. ಹಾಸಿಗೆಯಿಂದ ಬಾತ್‌ರೂಮಿಗೆ ಹೋಗಿ ಬಂದರೆ ಸಾಕು, ಮತ್ತೆ ಮಲಗಬೇಕು ಅನ್ನಿಸುತ್ತಿತ್ತು. ಬಲ ಭುಜ ಬೇರೆ ನೋಯುತ್ತಿತ್ತು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯುತ್ತೆ ಅಂತ ಕೇಳಿದ್ದಕ್ಕೆ, ಲಿವರ್ ಮೇಲಿರುವ ವಪೆಯ (ಉಸಿರಾಟಕ್ಕೆ ನೆರವಾಗುವ ಸ್ನಾಯುವಿನ ಪರದೆ) ನರ ಮತ್ತು ಭುಜದ ನರ ಒಂದೇ ಕಡೆಯಿಂದ ಬರುತ್ತವೆ ಅಂದರು. ಅಮ್ಮನಿಗೂ ಆ ನೋವು ಬಂದರೆ ಗಾಬರಿಯಾಗಬೇಡಿ.

ಲಿವರ್ ಮತ್ತೆ ಬೆಳೆಯುತ್ತೆ. ಸ್ಕ್ಯಾನ್‌ನಲ್ಲಿ ನಾನೇ ನೋಡಿದ್ದೇನೆ.

ನಿವೃತ್ತ ಸರ್ಜನ್

ದಾನಿ ತಮ್ಮ ಅವರ ಮಾತು ನಿಜ, ಧೈರ್ಯ ಕೊಡುವಂಥದ್ದು. ಆದರೆ ಅಮ್ಮನನ್ನು ದಾನಿಯ ಜೊತೆ ನೇರವಾಗಿ ಹೋಲಿಸಬಾರದು. ಬಲಗಡೆ ಲಿವರ್ ಕೊಡುವ ದಾನಿಗಳಲ್ಲಿ ಸಾವು ಸಾವಿರಕ್ಕೆ ಸುಮಾರು 2ರಿಂದ 5. ಅವರು ಪೂರ್ತಿ ಆರೋಗ್ಯವಂತರು, ಸೋಸಿ ಸೋಸಿ ಆರಿಸಿದವರು. ಅಮ್ಮನ ಲಿವರ್ ಕೀಮೋ ಉಂಡಿದೆ.

ಬೆಳೆಯುವುದರ ಬಗ್ಗೆಯೂ ಒಂದು ತಪ್ಪು ಕಲ್ಪನೆ ಇದೆ. ತೆಗೆದ ಭಾಗ ಮತ್ತೆ ಹುಟ್ಟುವುದಿಲ್ಲ. ಮರದ ಒಂದು ಕೊಂಬೆ ಕಡಿದರೆ ಉಳಿದ ಕೊಂಬೆಗಳು ದಪ್ಪವಾಗುವ ಹಾಗೆ, ಉಳಿದ ಎಡಭಾಗ ಹಿಗ್ಗುತ್ತೆ. ಆಕಾರ ಬೇರೆಯಾಗುತ್ತೆ, ತೂಕ ಹತ್ತಿರ ಹತ್ತಿರ ಮೊದಲಿನಷ್ಟಾಗುತ್ತೆ. ಮೊದಲ ಕೆಲವು ವಾರಗಳಲ್ಲಿ ಜೋರಾಗಿ, ಆಮೇಲೆ ನಿಧಾನವಾಗಿ. ಇಲಿಗಳಲ್ಲಿ ಮೂರನೇ ಎರಡು ಭಾಗ ತೆಗೆದರೂ ಒಂದೆರಡು ವಾರದೊಳಗೆ ತೂಕ ವಾಪಸ್ ಬರುತ್ತೆ ಅನ್ನುವುದು 1931ರಿಂದಲೇ ಗೊತ್ತು.

ಆದರೆ ಬೆಳೆಯಲು ಟೈಮ್ ಬೇಕು. ಆ ಟೈಮ್‌ನಲ್ಲಿ ಉಳಿದ ಭಾಗವೇ ದೇಹದ ಕೆಲಸವನ್ನೆಲ್ಲ ಹೊರಬೇಕು. ಅದಕ್ಕೆ ನಾವು ಇಟ್ಟುಕೊಂಡಿರುವ ಅಳತೆ ಇದು. ಲಿವರ್ ಆರೋಗ್ಯವಾಗಿದ್ದರೆ ಕನಿಷ್ಠ 20ರಿಂದ 25 ಶೇಕಡಾ ಉಳಿಯಬೇಕು. ಜಾಸ್ತಿ ಕೀಮೋ ಆಗಿದ್ದರೆ ಸುಮಾರು 30. ಸಿರೋಸಿಸ್, ಅಂದರೆ ಲಿವರ್ ಗಾಯದ ಕಲೆಗಟ್ಟಿ ಗಟ್ಟಿಯಾಗಿರುವುದು, ಇದ್ದರೆ 40. ಸಿಟಿ ಸ್ಕ್ಯಾನ್ ಚಿತ್ರದಿಂದ ಕಂಪ್ಯೂಟರ್‌ನಲ್ಲಿ ಇದನ್ನು ಅಳೆಯುತ್ತಾರೆ. ಆ ಅಳತೆ ಆಗಿದೆಯಾ ಅಂತ ನಿಮ್ಮ ಸರ್ಜನ್ ಹತ್ತಿರ ಕೇಳಿ. "ಬಲಭಾಗ ಅಂದರೆ 60–65 ಶೇಕಡಾ, ಎಡಭಾಗ 35 ಇರುತ್ತೆ ಬಿಡಿ" ಅನ್ನುವ ಅಂದಾಜು ಸಾಲದು. ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಎಡಭಾಗ ತೀರಾ ಸಣ್ಣದಾಗಿರುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಸಿರೆಲೆ

ಈ ಮಾತನ್ನು ನಾನು ಇನ್ನೊಂದು ಕಡೆಯಿಂದ ಹೇಳಬೇಕು. ಹೇಳುವುದು ಕಷ್ಟ, ಆದರೂ ಹೇಳುತ್ತೇನೆ.

ನಮ್ಮ ಅಪ್ಪನಿಗೆ ಸಿರೋಸಿಸ್ ಇತ್ತು, ಅದರ ಮೇಲೆ ಲಿವರ್ ಕ್ಯಾನ್ಸರ್. ಒಂದು ಆಸ್ಪತ್ರೆಯಲ್ಲಿ "ಆಪರೇಷನ್ ಬೇಡ, ಲಿವರ್ ತಡೆಯಲ್ಲ" ಅಂದರು. ಇನ್ನೊಂದು ಕಡೆ "ಮಾಡೋಣ" ಅಂದರು. ನಮಗೆ ಮಾಡೋಣ ಅಂದವರೇ ಒಳ್ಳೆಯವರು ಅನ್ನಿಸಿತು. ಆಪರೇಷನ್ ಚೆನ್ನಾಗೇ ಆಯಿತು. ರಕ್ತ ಜಾಸ್ತಿ ಹೋಗಲಿಲ್ಲ. ಗಡ್ಡೆ ಪೂರ್ತಿ ಬಂತು ಅಂದರು. ಅಪ್ಪ ಮನೆಗೂ ಬಂದರು. ಆಮೇಲೆ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು, ಮಾತು ತೊದಲತೊಡಗಿತು. ಎರಡನೇ ತಿಂಗಳಲ್ಲಿ ಹೋದರು.

ಮೊದಲು ನಮಗೆ ತೋರಿಸಿದ ಲೆಕ್ಕದಲ್ಲಿ ಆಪರೇಷನ್ ಆಗಿ 30 ದಿನದೊಳಗಿನ ಸಾವು ಮಾತ್ರ ಇತ್ತು. ನಮ್ಮ ಅಪ್ಪ ಆ ಲೆಕ್ಕದಲ್ಲಿ ಬದುಕಿದವರ ಪಟ್ಟಿಯಲ್ಲೇ ಇರುತ್ತಾರೆ. ಅದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ತಂಗಾಳಿ, ದಯವಿಟ್ಟು 90 ದಿನದ ಲೆಕ್ಕ ಕೇಳಿ.

ನಿವೃತ್ತ ಸರ್ಜನ್

ಹಸಿರೆಲೆ ಅವರೇ, ನಿಮ್ಮ ತಂದೆಯವರ ವಿಷಯ ಓದಿ ಮನಸ್ಸು ಭಾರವಾಯಿತು. ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಲಿವರ್ ಸೋಲುವುದು ನಿಧಾನವಾಗಿ. ಔಷಧಿ, ಐಸಿಯು, ಡಯಾಲಿಸಿಸ್ ಎಲ್ಲ ಹಿಡಿದು ನಿಲ್ಲಿಸಿಕೊಂಡು ವಾರಗಳು ಹೋಗುತ್ತವೆ. ಹಾಗಾಗಿ 30 ದಿನದ ಲೆಕ್ಕ ತೆಗೆದುಕೊಂಡರೆ ಕೆಲವು ಸಾವುಗಳು ಹೊರಗೇ ಉಳಿಯುತ್ತವೆ. 90 ದಿನದ ಲೆಕ್ಕ ಅದರ ಸುಮಾರು ದುಪ್ಪಟ್ಟು ಬಂದ ವರದಿಗಳಿವೆ.

ಸಿರೋಸಿಸ್ ಇದ್ದವರಿಗೆ ಗಡ್ಡೆ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಮೊದಲು ನೋಡಬೇಕಾದದ್ದು ಲಿವರ್‌ನ ಶಕ್ತಿ. ಚೈಲ್ಡ್–ಪ್ಯೂ ಅಂತ ಒಂದು ಅಳತೆ ಇದೆ: ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು), ಅಲ್ಬುಮಿನ್ (ಲಿವರ್ ಮಾಡುವ ಪ್ರೋಟೀನ್), ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮೆದುಳಿನ ಮಂಪರು. ಇವೈದನ್ನು ನೋಡಿ ಎ, ಬಿ, ಸಿ ಅಂತ ವಿಂಗಡಿಸುತ್ತಾರೆ. ದೊಡ್ಡ ಆಪರೇಷನ್ ಯೋಚಿಸಬಹುದಾದದ್ದು 'ಎ' ಗುಂಪಿನವರಿಗೆ. ಅವರಲ್ಲೂ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿದ್ದು ಗುಲ್ಮ ದೊಡ್ಡದಾಗಿದ್ದರೆ ಪೋರ್ಟಲ್ ರಕ್ತನಾಳದ ಒತ್ತಡ ಏರಿದೆ ಅಂತ ಅರ್ಥ. ಅಲ್ಲೇ ನಿಂತು ಯೋಚಿಸಬೇಕು. ಇಂಡೋಸಯನೀನ್ ಗ್ರೀನ್ ಅನ್ನುವ ಹಸಿರು ಬಣ್ಣವನ್ನು ರಕ್ತಕ್ಕೆ ಕೊಟ್ಟು, 15 ನಿಮಿಷ ಆದ ಮೇಲೆ ಎಷ್ಟು ಉಳಿದಿದೆ ಅಂತ ನೋಡುವ ಪರೀಕ್ಷೆಯೂ ಇದೆ. ಜಪಾನಿನಲ್ಲಿ ಅದನ್ನು ನೋಡಿಯೇ ಎಷ್ಟು ತೆಗೆಯಬಹುದು ಅಂತ ತೀರ್ಮಾನಿಸುವ ಪದ್ಧತಿ ಬೆಳೆಯಿತು. ಲಿವರ್ ಚುರುಕಾಗಿದ್ದರೆ 10 ಶೇಕಡಾಕ್ಕಿಂತ ಕಡಿಮೆ ಉಳಿದಿರುತ್ತೆ.

"ಬೇಡ" ಅಂದ ಡಾಕ್ಟರ್ ಎಷ್ಟೋ ಸಲ ರೋಗಿಯ ಪರವಾಗಿಯೇ ಮಾತಾಡಿರುತ್ತಾರೆ. ಇಂಥವರಿಗೆ ಲಿವರ್ ಕಸಿ, ಗಡ್ಡೆಯನ್ನು ಸೂಜಿಯಿಂದ ಸುಡುವುದು, ಗಡ್ಡೆಯ ರಕ್ತನಾಳಕ್ಕೇ ಔಷಧಿ ಕೊಟ್ಟು ಮುಚ್ಚುವುದು, ಹೀಗೆ ಬೇರೆ ದಾರಿಗಳಿವೆ.

ಮೂರನೇ ಮಹಡಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೆ ಹೊಟ್ಟೆನೋವಿಗೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಲಿವರ್‌ನಲ್ಲಿ 4 ಸೆಂಟಿಮೀಟರ್ ಹೆಮಾಂಜಿಯೋಮಾ ಅಂತ ಬಂದಿದೆ. ಇದೆಲ್ಲ ಓದಿ ನಿದ್ದೆ ಬರುತ್ತಿಲ್ಲ. ನನಗೂ ಕೊಯ್ಯಬೇಕಾ?

ನಿವೃತ್ತ ಸರ್ಜನ್

ಅದು ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ, ಆಗುವುದೂ ಇಲ್ಲ. ತುಂಬಾ ಜನರಲ್ಲಿ ಇರುತ್ತೆ. ಸ್ಕ್ಯಾನ್‌ನಲ್ಲಿ ಅದೇ ಅಂತ ಖಚಿತವಾಗಿ, ತೊಂದರೆ ಏನೂ ಕೊಡದಿದ್ದರೆ ಆಪರೇಷನ್ ಬೇಡ. ಫೋಕಲ್ ನಾಡ್ಯುಲರ್ ಹೈಪರ್‌ಪ್ಲೇಸಿಯಾ ಅಂತ ಕ್ಯಾನ್ಸರ್ ಅಲ್ಲದ ಇನ್ನೊಂದು ಗಂಟು ಬಂದರೂ ಅಷ್ಟೇ. ಅಡಿನೋಮಾ (ಲಿವರ್ ಕೋಶಗಳಿಂದಾಗುವ ಇನ್ನೊಂದು ಬಗೆಯ ಗಡ್ಡೆ) ಅಂತ ಬಂದರೆ ಮಾತ್ರ ಬೇರೆ ಮಾತು. ಅದು 5 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಅಥವಾ ಗಂಡಸರಲ್ಲಿ ಕಂಡರೆ, ತೆಗೆಯುವ ಬಗ್ಗೆ ಯೋಚಿಸುತ್ತಾರೆ. ನೀವು ನಿದ್ದೆ ಮಾಡಿ.

ಅರಿವಳಿಕೆ ವೈದ್ಯೆ

ರಕ್ತಸ್ರಾವದ ಮಾತಿಗೆ ನನ್ನ ಕಡೆಯಿಂದಲೂ ಒಂದು ವಿಷಯ ಸೇರಿಸುತ್ತೇನೆ. ಇದು ಹೊರಗಿನವರಿಗೆ ಕಾಣುವುದೇ ಇಲ್ಲ.

ಪ್ರಿಂಗಲ್ ಹಿಡಿತ ಒಳಬರುವ ರಕ್ತವನ್ನು ನಿಲ್ಲಿಸುತ್ತೆ. ಆದರೆ ಲಿವರ್‌ನಿಂದ ಹೃದಯದ ಕಡೆ ಹೋಗುವ ರಕ್ತನಾಳಗಳು ತೆರೆದೇ ಇರುತ್ತವೆ. ಆ ಕಡೆ ಒತ್ತಡ ಜಾಸ್ತಿ ಇದ್ದರೆ ರಕ್ತ ಹಿಂದಕ್ಕೆ ಬಂದು ಕೊಯ್ದ ಜಾಗದಿಂದ ಜಿನುಗುತ್ತೆ. ಹಾಗಾಗಿ ಲಿವರ್ ಕತ್ತರಿಸುವ ಹೊತ್ತಿನಲ್ಲಿ ನಾವು ಬೇಕಂತಲೇ ಡ್ರಿಪ್ ಕಡಿಮೆ ಕೊಡುತ್ತೇವೆ. ಸೆಂಟ್ರಲ್ ವೀನಸ್ ಪ್ರೆಷರ್, ಅಂದರೆ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳದ ಒತ್ತಡ, 5ಕ್ಕಿಂತ ಕೆಳಗೆ ಇಟ್ಟುಕೊಳ್ಳುತ್ತೇವೆ. ಮೂತ್ರ ಕಡಿಮೆಯಾಗುತ್ತೆ, ಬಿಪಿ ಇಳಿಯುತ್ತಾ ಇರುತ್ತೆ, ಔಷಧಿಯಿಂದ ಹಿಡಿದು ನಿಲ್ಲಿಸುತ್ತೇವೆ. ಲಿವರ್‌ನ ಎರಡು ಭಾಗ ಬೇರೆಯಾದ ಮೇಲೆ ದ್ರವ ತುಂಬಿಸುತ್ತೇವೆ. ಈ ಕೆಲಸದಲ್ಲಿ ಸರ್ಜನ್ ಮತ್ತು ನಾವು ಮಾತಾಡಿಕೊಂಡೇ ಹೋಗಬೇಕು. ಒಬ್ಬರನ್ನೊಬ್ಬರು ಅರಿತ ತಂಡ ಇರಬೇಕು.

ಅದಕ್ಕೇ ನಾನು ಯಾರು ಕೇಳಿದರೂ ಹೇಳುವುದು: ಲಿವರ್ ಆಪರೇಷನ್ ಪದೇ ಪದೇ ಆಗುವ ಕಡೆ ಮಾಡಿಸಿ. ಅಂಥ ಕಡೆ ತೊಂದರೆಯೇ ಆಗಲ್ಲ ಅಂತಲ್ಲ. ಆದ ತೊಂದರೆಯನ್ನು ಬೇಗ ಹಿಡಿಯುತ್ತಾರೆ. ರಾತ್ರಿ ಎರಡು ಗಂಟೆಗೆ ಸ್ಕ್ಯಾನ್ ಮಾಡಿ, ಸೂಜಿ ಹಾಕಿ ಕೀವು ತೆಗೆಯುವವರು ಇರುತ್ತಾರೆ. ರೋಗಿ ಉಳಿಯುವುದು ಎಷ್ಟೋ ಸಲ ಇದರಿಂದ.

ತಂಗಾಳಿ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿಮ್ಮ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಸರ್ಜನ್ ಹತ್ತಿರ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಂಪ್ಯೂಟರ್ ಪರದೆ ನಮ್ಮ ಕಡೆ ತಿರುಗಿಸಿ ತೋರಿಸಿದರು. ಎಡಭಾಗಕ್ಕೆ ಹಸಿರು ಬಣ್ಣ ಹಚ್ಚಿದ್ದರು, ಬಲಭಾಗಕ್ಕೆ ನೀಲಿ. ಹಸಿರು ನಾನು ಅಂದುಕೊಂಡಿದ್ದಕ್ಕಿಂತ ತುಂಬಾ ಚಿಕ್ಕದು. 24 ಶೇಕಡಾ ಅಂದರು. ಕೀಮೋ ಆಗಿರುವುದರಿಂದ ಇದು ಸಾಲದು, ಮೊದಲು ಎಡಭಾಗವನ್ನು ಬೆಳೆಸಬೇಕು ಅಂದರು. ಬಲಗಡೆಯ ಪೋರ್ಟಲ್ ರಕ್ತನಾಳ ಮುಚ್ಚುತ್ತಾರಂತೆ. ಅಣ್ಣನಿಗೆ ಇದು ಒಪ್ಪಿಗೆ ಇಲ್ಲ. "ಕಾಯುತ್ತಾ ಕೂತರೆ ಕ್ಯಾನ್ಸರ್ ಬೆಳೆಯಲ್ವಾ?" ಅಂತಾನೆ. ನನಗೂ ಅದೇ ಭಯ.

ಇನ್ನೊಂದು. ಬರೀ ಗಡ್ಡೆಗಳನ್ನು ಮಾತ್ರ ಕೆತ್ತಿ ತೆಗೆದರೆ ಆಗಲ್ವಾ?

ನಿವೃತ್ತ ಸರ್ಜನ್

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಆಗುತ್ತೆ, ಮತ್ತು ಆಗುವ ಕಡೆ ಹಾಗೇ ಮಾಡಬೇಕು. ಕರುಳಿನಿಂದ ಹರಡಿದ ಗಡ್ಡೆಗಳಿಗೆ ಸುತ್ತಲೂ ತುಂಬಾ ಅಗಲ ಬಿಡಬೇಕು ಅಂತ ಹಿಂದೆ ಹೇಳುತ್ತಿದ್ದರು. ಈಗ ಅಂಚಿನಲ್ಲಿ 1 ಮಿಲಿಮೀಟರ್ ಕ್ಯಾನ್ಸರ್ ಇಲ್ಲದ ಜಾಗ ಸಿಕ್ಕರೂ ಒಪ್ಪುತ್ತಾರೆ. ಲಿವರ್ ಉಳಿಸಿದರೆ ಮುಂದೆ ಮತ್ತೆ ಗಡ್ಡೆ ಬಂದಾಗ ಇನ್ನೊಮ್ಮೆ ಆಪರೇಷನ್ ಮಾಡಲು ಜಾಗ ಇರುತ್ತೆ. ಆದರೆ ಒಂದು ಗಡ್ಡೆ ಬಲಗಡೆಯ ಮುಖ್ಯ ರಕ್ತನಾಳಕ್ಕೇ ಅಂಟಿದ್ದರೆ ಆ ನಾಳ ಬಿಟ್ಟು ಗಡ್ಡೆ ಮಾತ್ರ ತೆಗೆಯಲು ಆಗುವುದಿಲ್ಲ. ಗಡ್ಡೆ ಎಲ್ಲಿ ಕೂತಿದೆ ಅಂತ ಕೇಳಿ. ಉತ್ತರ ಸಮಾಧಾನ ಆಗದಿದ್ದರೆ ಇನ್ನೊಬ್ಬ ಲಿವರ್ ಸರ್ಜನ್‌ಗೆ ಸ್ಕ್ಯಾನ್ ತೋರಿಸಿ. ಅದರಲ್ಲಿ ಮುಜುಗರ ಪಡುವಂಥದ್ದು ಏನೂ ಇಲ್ಲ.

ಈಗ ಆ ರಕ್ತನಾಳ ಮುಚ್ಚುವ ವಿಷಯ. ಪೋರ್ಟಲ್ ವೇನ್ ಎಂಬೋಲೈಸೇಶನ್ ಅನ್ನುತ್ತಾರೆ. 1980ರ ದಶಕದಲ್ಲಿ ಜಪಾನಿನಲ್ಲಿ ಬೆಳೆದ ಪದ್ಧತಿ. ಹೊಟ್ಟೆ ಕೊಯ್ಯುವುದಿಲ್ಲ. ಚರ್ಮದ ಮೂಲಕ ಸೂಜಿ ಹಾಕಿ, ಸ್ಕ್ಯಾನ್ ನೋಡುತ್ತಾ ನಾಳದೊಳಗೆ ತೆಳು ಕೊಳವೆ ಇಳಿಸಿ, ಬಲಭಾಗದ ನಾಳವನ್ನು ಒಳಗಿಂದ ಅಂಟಿನಿಂದಲೋ ಸಣ್ಣ ಕಣಗಳಿಂದಲೋ ಮುಚ್ಚುತ್ತಾರೆ. ಕರುಳಿನ ರಕ್ತವೆಲ್ಲ ಎಡಕ್ಕೆ ತಿರುಗುತ್ತೆ. ಎಡಭಾಗ ಬೆಳೆಯಲು ಶುರು ಮಾಡುತ್ತೆ. ನಾಲ್ಕರಿಂದ ಆರು ವಾರದಲ್ಲಿ ಮತ್ತೆ ಅಳೆಯುತ್ತಾರೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಎಡಭಾಗ ಬೆಳೆಯಿತು ಅಂದರೆ ಈ ಲಿವರ್‌ಗೆ ಬೆಳೆಯುವ ಶಕ್ತಿ ಇದೆ ಅಂತ ಮೊದಲೇ ಗೊತ್ತಾಯಿತು. ಬೆಳೆಯಲೇ ಇಲ್ಲ ಅಂದರೆ ಆಪರೇಷನ್ ಆದ ಮೇಲೂ ಬೆಳೆಯುವುದು ಕಷ್ಟ. ಆಗ ನಿಲ್ಲಿಸಬಹುದು. ಹಸಿರೆಲೆ ಅವರ ತಂದೆಗೆ ಆದಂಥದ್ದು ಆಗುವ ಮೊದಲೇ ನಿಲ್ಲಿಸಬಹುದು.

ಅಣ್ಣನ ಭಯಕ್ಕೆ ನೇರ ಉತ್ತರ: ಹೌದು, ಕಾಯುವಾಗ ಕೆಲವರಲ್ಲಿ ಗಡ್ಡೆ ಬೆಳೆಯುತ್ತೆ, ಅವರು ಆಪರೇಷನ್‌ವರೆಗೆ ಬರುವುದೇ ಇಲ್ಲ. ನಡುವೆ ಕೀಮೋ ಮುಂದುವರಿಸುವ ಬಗ್ಗೆ ತಂಡ ಯೋಚಿಸುತ್ತೆ. ಕಾಯುವುದನ್ನು ಕಡಿಮೆ ಮಾಡಲು ಆಲ್ಪ್ಸ್ ಅನ್ನುವ ಎರಡು ಹಂತದ ಆಪರೇಷನ್ 2012ರಲ್ಲಿ ಬಂತು. ಮೊದಲ ಸಲ ಲಿವರ್ ಸೀಳಿ, ನಾಳ ಕಟ್ಟಿ, ಒಂದೆರಡು ವಾರ ಬಿಟ್ಟು ಎರಡನೇ ಸಲ ತೆಗೆಯುವುದು. ಎಡಭಾಗ ಬಹಳ ಬೇಗ ಬೆಳೆಯುತ್ತೆ. ಆದರೆ ಶುರುವಿನ ವರದಿಗಳಲ್ಲಿ ಸಾವು ಜಾಸ್ತಿ ಇತ್ತು. 61 ವರ್ಷದವರಿಗೆ, ಕಾಯಲು ಆಗುವ ಸ್ಥಿತಿ ಇದ್ದರೆ, ನಾನಾಗಿದ್ದರೆ ನಾಳ ಮುಚ್ಚಿ ಕಾಯುತ್ತಿದ್ದೆ.

ಕೀಮೋ ಮುಗಿದ ತಕ್ಷಣವೂ ಕೊಯ್ಯಬಾರದು. ಸಾಮಾನ್ಯವಾಗಿ ನಾಲ್ಕಾರು ವಾರ ಬಿಡುತ್ತಾರೆ. ಕೀಮೋ ಔಷಧಿಗಳಲ್ಲಿ ಆಕ್ಸಾಲಿಪ್ಲಾಟಿನ್ ಲಿವರ್‌ನ ಸಣ್ಣ ರಕ್ತದಾರಿಗಳನ್ನು ಕೆಡಿಸುತ್ತೆ, ಇರಿನೋಟೆಕಾನ್ ಕೊಬ್ಬು ಮತ್ತು ಉರಿಯೂತ ತರಬಹುದು. ಕೀಮೋ ಜೊತೆ ಬೆವಾಸಿಝುಮ್ಯಾಬ್ ಅನ್ನುವ ಔಷಧಿ ಕೊಟ್ಟಿದ್ದರೆ ಗಾಯ ಮಾಯಲು ಅಡ್ಡಿ, ಅದಕ್ಕೆ ಸುಮಾರು ಆರು ವಾರ ಬಿಡಬೇಕು. ಹಾಗಾಗಿ ಬೇರೆ ಏನೇ ಇದ್ದರೂ ಈ ಕಾಯುವಿಕೆ ಇದ್ದದ್ದೇ ಅಂತ ಅಣ್ಣನಿಗೆ ಹೇಳಿ.

ದಾನಿ ತಮ್ಮ

ಸಾರ್, ಕೀಹೋಲ್‌ನಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ, ಮಾಡಿಸಿದರೆ ಒಳ್ಳೆಯದಲ್ವಾ? ನನಗೆ ಆಗ ದೊಡ್ಡ ಗಾಯವೇ ಮಾಡಿದ್ದರು.

ನಿವೃತ್ತ ಸರ್ಜನ್

ಸಣ್ಣ ಭಾಗ ತೆಗೆಯುವಾಗ ಖಂಡಿತ ಒಳ್ಳೆಯದು. ನಾರ್ವೆಯಲ್ಲಿ ಕರುಳಿನಿಂದ ಲಿವರ್‌ಗೆ ಹರಡಿದ 280 ರೋಗಿಗಳಲ್ಲಿ ಚೀಟಿ ಎತ್ತಿದ ಹಾಗೆ ಹಂಚಿ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ತೊಂದರೆಗಳು ಕೀಹೋಲ್‌ನಲ್ಲಿ 19 ಶೇಕಡಾ, ತೆರೆದ ಆಪರೇಷನ್‌ನಲ್ಲಿ 31. ಎಷ್ಟು ವರ್ಷ ಬದುಕುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ನೋಡಿದ್ದು ಸಣ್ಣ ಭಾಗ ತೆಗೆಯುವ ಆಪರೇಷನ್‌ಗಳನ್ನು. ಬಲಭಾಗ ಪೂರ್ತಿ ತೆಗೆಯುವುದನ್ನು ಕೀಹೋಲ್‌ನಲ್ಲಿ ಮಾಡುವವರಿದ್ದಾರೆ, ಅದಕ್ಕೆ ಕೈ ಪಳಗಿರಬೇಕು. ಗಾಯದ ಉದ್ದ ನೋಡಿ ಸರ್ಜನ್‌ರನ್ನು ಆರಿಸಬೇಡಿ ಅಂತ ನನ್ನ ಅಭಿಪ್ರಾಯ.

ಹಸಿರೆಲೆ

ಇಷ್ಟೆಲ್ಲ ಮಾಡಿದ ಮೇಲೆ ಕ್ಯಾನ್ಸರ್ ವಾಪಸ್ ಬರಲ್ವಾ? ಅದನ್ನೂ ಹೇಳಿಬಿಡಿ ಸಾರ್. ನಮಗೆ ಯಾರೂ ಹೇಳಿರಲಿಲ್ಲ.

ನಿವೃತ್ತ ಸರ್ಜನ್

ಬರಬಹುದು. ಕರುಳಿನಿಂದ ಹರಡಿದ್ದನ್ನು ಪೂರ್ತಿ ತೆಗೆದವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಎಲ್ಲೋ ಒಂದು ಕಡೆ ಮತ್ತೆ ಕಾಣಿಸಿಕೊಳ್ಳುತ್ತೆ. ಹೆಚ್ಚಿನದು ಮೊದಲ ಎರಡು ವರ್ಷದಲ್ಲಿ. ಹಾಗಿದ್ದರೂ ಐದು ವರ್ಷ ದಾಟುವವರು 100ರಲ್ಲಿ ಸುಮಾರು 40ರಿಂದ 50. ಹತ್ತು ವರ್ಷ ದಾಟುವವರು ಸುಮಾರು ಐದಕ್ಕೆ ಒಬ್ಬರು. ಬೇರೆ ಅಂಗಕ್ಕೆ ಹರಡಿದ ಕ್ಯಾನ್ಸರ್‌ಗೆ ಇದು ಸಣ್ಣ ಮಾತಲ್ಲ. ಮತ್ತೆ ಬಂದರೂ ಕೆಲವರಿಗೆ ಎರಡನೇ ಸಲ ಲಿವರ್ ಆಪರೇಷನ್ ಮಾಡಬಹುದು.

ನಿಮ್ಮ ತಂದೆಯವರಿಗೆ ಇದ್ದ ಹಾಗೆ ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್‌ನಲ್ಲಿ, ಐದು ವರ್ಷದೊಳಗೆ ಸುಮಾರು 70 ಶೇಕಡಾ ಜನರಿಗೆ ಮತ್ತೆ ಬರುತ್ತೆ. ಗಡ್ಡೆ ತೆಗೆದರೂ ಅದು ಹುಟ್ಟಿದ ಕೆಟ್ಟ ಲಿವರ್ ಹಾಗೇ ಉಳಿದಿರುತ್ತೆ. ಇದನ್ನು ಆಪರೇಷನ್‌ಗೆ ಮೊದಲೇ ಮನೆಯವರಿಗೆ ಹೇಳಬೇಕು. ನಿಮಗೆ ಹೇಳದೇ ಇದ್ದದ್ದು ಅನ್ಯಾಯ.

ತಂಗಾಳಿ

ಸುದ್ದಿ ಹೇಳಲು ಬಂದೆ. ನಾಳ ಮುಚ್ಚುವುದು ಆಯಿತು. ಒಂದೆರಡು ದಿನ ಸ್ವಲ್ಪ ಜ್ವರ, ನೋವು ಇತ್ತು, ಹೋಯಿತು. ಮೊನ್ನೆ ಮತ್ತೆ ಅಳತೆ ಆಯಿತು. ಎಡಭಾಗ 24ರಿಂದ 34 ಆಗಿದೆ! ಗಡ್ಡೆಗಳು ಬೆಳೆದಿಲ್ಲ. ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅಣ್ಣನೇ ಎಲ್ಲರಿಗೂ ಫೋನ್ ಮಾಡಿ ಹೇಳಿದ. ದೊಡ್ಡಪ್ಪ ಏನೂ ಮಾತಾಡಲಿಲ್ಲ, ಆದರೆ ಬಂದು ಅಮ್ಮನ ಪಕ್ಕ ತುಂಬಾ ಹೊತ್ತು ಕೂತಿದ್ದರು.

ಅಮ್ಮ ಮೂರು ಚೆಂಡಿನ ಆ ಉಸಿರಾಟದ ಡಬ್ಬಿ ಇಟ್ಟುಕೊಂಡು ದಿನವೂ ಊದು–ಎಳೆ ಅಂತ ಅಭ್ಯಾಸ ಮಾಡುತ್ತಿದ್ದಾಳೆ. ಆಪರೇಷನ್ ಆದ ಮೇಲೆ ನಾವು ಏನನ್ನು ನೋಡಿಕೊಳ್ಳಬೇಕು? ವಾರ್ಡಿನಲ್ಲಿ ಯಾರೂ ಕೂತು ವಿವರಿಸಲ್ಲ ಅಂತ ಕೇಳಿದ್ದೇನೆ.

ಐಸಿಯು ಸಿಸ್ಟರ್

34 ಅಂತ ಓದಿ ಖುಷಿಯಾಯಿತು. ನಾನು ಲಿವರ್ ಐಸಿಯುನಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿಯವರೆಗೆ ಓದುತ್ತಾ ಇದ್ದೆ, ಈ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕು.

ಮೊದಲ ದಿನದ ರಿಪೋರ್ಟ್ ನೋಡಿ ಮನೆಯವರು ಹೆದರುತ್ತಾರೆ. ಎಎಸ್‌ಟಿ, ಎಎಲ್‌ಟಿ (ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವಗಳು) ನೂರಾರು ಇರುತ್ತೆ. ಲಿವರ್ ಕತ್ತರಿಸಿದ್ದಾರೆ, ರಕ್ತ ನಿಲ್ಲಿಸಿ ಬಿಟ್ಟಿದ್ದಾರೆ, ಅದು ಏರಲೇಬೇಕು. ದಿನದಿಂದ ದಿನಕ್ಕೆ ಇಳಿಯುತ್ತಿದೆಯಾ ಅಂತ ಮಾತ್ರ ನೋಡಿ. ನಾವು ಕಣ್ಣಿಡುವುದು ಬಿಲಿರುಬಿನ್ ಮತ್ತು ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ) ಮೇಲೆ. ಎರಡೂ ಮೊದಲ ಒಂದೆರಡು ದಿನ ಏರಿ, ಆಮೇಲೆ ಇಳಿಯಲು ಶುರುವಾಗಬೇಕು. ಐದನೇ ದಿನವೂ ಎರಡೂ ಏರಿಯೇ ಇದ್ದರೆ ಲಿವರ್ ಸೋಲುತ್ತಿದೆ ಅಂತ ತಂಡ ಎಚ್ಚೆತ್ತುಕೊಳ್ಳುತ್ತೆ. ಹಾಗಾಗಿ ಐದನೇ ದಿನದ ರಿಪೋರ್ಟ್ ಹೇಗಿದೆ ಅಂತ ತಪ್ಪದೇ ಕೇಳಿ.

ರಂಜಕದ ಡ್ರಿಪ್ ಹಾಕಿದರೆ ಗಾಬರಿ ಬೇಡ. ಬೆಳೆಯುವ ಲಿವರ್ ರಂಜಕ ತುಂಬಾ ಬಳಸುತ್ತೆ, ರಕ್ತದಲ್ಲಿ ಕಡಿಮೆಯಾಗುತ್ತೆ. ತುಂಬಿಸುತ್ತೇವೆ.

ಹೊಟ್ಟೆಯೊಳಗಿನ ನೀರು ಹೊರಗೆ ಚೀಲಕ್ಕೆ ಬರಲು ಹಾಕುವ ಡ್ರೈನ್ ಪೈಪ್ ಇದ್ದರೆ (ಎಲ್ಲರಿಗೂ ಹಾಕುವುದಿಲ್ಲ) ಅದರ ಬಣ್ಣ ನೋಡಿ. ಶುರುವಿನಲ್ಲಿ ತೆಳು ಕೆಂಪು, ಆಮೇಲೆ ಒಣಹುಲ್ಲಿನ ಬಣ್ಣದ ನೀರು. ಅದು ಸರಿ. ಗಾಢ ಹಳದಿ ಅಥವಾ ಹಸಿರು ಬಂದರೆ ಪಿತ್ತರಸ ಸೋರುತ್ತಿರಬಹುದು. ಮೂರನೇ ದಿನ ಅಥವಾ ಆಮೇಲೆ ಆ ನೀರಿನ ಬಿಲಿರುಬಿನ್ ರಕ್ತದ್ದಕ್ಕಿಂತ ಮೂರು ಪಟ್ಟು ಇದ್ದರೆ ಸೋರಿಕೆ ಅಂತ ಲೆಕ್ಕ. ಬೆಳಿಗ್ಗೆ ರೌಂಡ್ಸ್‌ಗೆ ಮೊದಲು ನಾನು ಆ ಚೀಲವನ್ನು ಬಿಳಿ ಟವೆಲ್ ಮೇಲೆ ಇಟ್ಟು ನೋಡುತ್ತೇನೆ, ಹಾಸಿಗೆಯ ನೆರಳಲ್ಲಿ ಬಣ್ಣ ಸರಿಯಾಗಿ ಗೊತ್ತಾಗುವುದಿಲ್ಲ. ಸೋರಿದರೂ ಹೆಚ್ಚಿನವರಿಗೆ ಮತ್ತೆ ಹೊಟ್ಟೆ ಕೊಯ್ಯುವುದಿಲ್ಲ. ಡ್ರೈನ್ ಇಟ್ಟು ಕಾಯುತ್ತಾರೆ, ಇಲ್ಲವೇ ಬಾಯಿಂದ ಕ್ಯಾಮೆರಾ ಇಳಿಸಿ ಪಿತ್ತನಾಳಕ್ಕೆ ಸ್ಟೆಂಟ್ (ಸಣ್ಣ ಕೊಳವೆ) ಹಾಕುತ್ತಾರೆ.

ಮರುದಿನವೇ ಎಬ್ಬಿಸಿ ಕೂರಿಸುತ್ತೇವೆ, ನಡೆಸುತ್ತೇವೆ. ನೀರು, ಊಟ ಬೇಗ ಶುರು ಮಾಡುತ್ತೇವೆ. ಅಮ್ಮ ಬೈಯುತ್ತಾರೆ. ಬೈಯಲಿ. ನೋವಿದ್ದರೆ ನಡೆಯಲು ಆಗುವುದಿಲ್ಲ, ಹಾಗಾಗಿ "ಸಹಿಸಿಕೊಳ್ಳುತ್ತೇನೆ" ಅಂತ ಹಲ್ಲು ಕಚ್ಚಿ ಕೂರಲು ಬಿಡಬೇಡಿ. ನಮಗೆ ಹೇಳಿ.

ತಂಗಾಳಿ

ಸಿಸ್ಟರ್, ನಿಮ್ಮ ಮಾತುಗಳನ್ನು ಹಾಗೇ ಅಮ್ಮನಿಗೆ ಓದಿ ಹೇಳಿದೆ. "ಬೈಯಲಿ" ಅಂದದ್ದಕ್ಕೆ ಅವಳು ನಕ್ಕಳು, ಎಷ್ಟೋ ದಿನ ಆದ ಮೇಲೆ. ಮನೆಗೆ ಬಂದ ಮೇಲೆ ಏನೇನು? ಮತ್ತೆ, ಡಿಸ್ಚಾರ್ಜ್ ಆದ ಮೇಲೂ ಹೊಟ್ಟೆಗೆ ರಕ್ತ ತೆಳು ಮಾಡುವ ಇಂಜೆಕ್ಷನ್ ಕೊಡುತ್ತೇವೆ ಅಂದಿದ್ದಾರೆ. ಲಿವರ್ ಆಪರೇಷನ್ ಆದವರಿಗೆ ರಕ್ತ ಮೊದಲೇ ಹೆಪ್ಪುಗಟ್ಟಲ್ಲ ಅಲ್ವಾ? ಇದು ಅಪಾಯ ಅಲ್ವಾ?

ಐಸಿಯು ಸಿಸ್ಟರ್

ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ, ಕೇಳದೆ ಇಂಜೆಕ್ಷನ್ ಬಿಟ್ಟುಬಿಡುವವರೂ ಇದ್ದಾರೆ. ಐಎನ್‌ಆರ್ ಏರಿದೆ ಅಂದರೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ ಅಂತಲ್ಲ. ಹೆಪ್ಪುಗಟ್ಟಿಸುವ ಅಂಶ, ಅದನ್ನು ತಡೆಯುವ ಅಂಶ ಎರಡನ್ನೂ ಲಿವರೇ ಮಾಡುತ್ತೆ. ಎರಡೂ ಕಡಿಮೆಯಾಗುತ್ತವೆ, ಆದರೆ ಐಎನ್‌ಆರ್ ಪರೀಕ್ಷೆ ಒಂದು ಕಡೆಯದನ್ನು ಮಾತ್ರ ತೋರಿಸುತ್ತೆ. ಕ್ಯಾನ್ಸರ್, ದೊಡ್ಡ ಆಪರೇಷನ್, ಮಲಗಿಯೇ ಇರುವುದು, ಇವು ಸೇರಿದರೆ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಅದಕ್ಕೇ ಹೊಟ್ಟೆಯ ಕ್ಯಾನ್ಸರ್ ಆಪರೇಷನ್ ಆದವರಿಗೆ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಕೊಡುತ್ತಾರೆ. ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ಎಲ್ಲಿಂದಾದರೂ ರಕ್ತ ಬಂದರೆ, ಮಲ ಕಪ್ಪಾದರೆ ತಕ್ಷಣ ತಿಳಿಸಿ.

ಮನೆಯಲ್ಲಿ ಇಷ್ಟು ನೋಡಿಕೊಳ್ಳಿ. ಜ್ವರ, ಚಳಿ ನಡುಕ, ಕಣ್ಣು ಹಳದಿ, ಹೊಟ್ಟೆ ಉಬ್ಬುತ್ತಾ ಹೋಗುವುದು, ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎಚ್ಚರ ಇದ್ದು ತಡಬಡಿಸುವುದು, ಒಂದು ಕಾಲು ಮಾತ್ರ ಊದುವುದು, ಉಸಿರು ಕಟ್ಟುವುದು. ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದು ಅಂತ ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಉಳಿದ ಲಿವರ್ ಚಿಕ್ಕದಿರುವಾಗ ಅದರ ಅಳತೆ ಬೇರೆ ಇರಬಹುದು. ಅಂಗಡಿಯಿಂದ ತಂದ ಬೇರೆ ನೋವಿನ ಮಾತ್ರೆ, ಯಾರೋ ಹೇಳಿದ ಬೇರು–ಎಲೆಯ ಔಷಧಿ ಯಾವುದೂ ಈಗ ಬೇಡ.

ವಾರ್ಡಿನ ಫೋನ್ ನಂಬರ್ ಆಪರೇಷನ್‌ಗೆ ಮೊದಲೇ ತೆಗೆದುಕೊಳ್ಳಿ. ರಾತ್ರಿ ಡ್ಯೂಟಿಯಲ್ಲಿರುವ ನಮ್ಮಂಥವರು ಫೋನ್ ಎತ್ತುತ್ತೇವೆ, ಸಣ್ಣ ವಿಷಯಕ್ಕೆ ಮಾಡಿದರೂ ಬೈಯಲ್ಲ. ಮೊದಲ ವಾರದ ರಿಪೋರ್ಟ್‌ಗಳು ಬಂದಾಗ ಇಲ್ಲಿ ಬರೆಯಿರಿ, ಒಟ್ಟಿಗೆ ನೋಡೋಣ.